ಮುಳ್ಳು ಲಾಬ್‌ಸ್ಟರ್: ಒಂದು ದ್ವೀಪದ ಅಸಲು, ಬಡ್ಡಿ

ಭೂಪಟದಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸಾಸಿವೆಯಷ್ಟು ಚಿಕ್ಕದೊಂದು ಚುಕ್ಕೆಯನ್ನು ನಾವು ಕಾಣಬಹುದು. ಅದೇ ಟ್ರಿಸ್ಟನ್ ದ ಕುನ್ಹ ದ್ವೀಪ. ಆಫ್ರಿಕದ ಕೇಪ್‌ಟೌನ್ ನಗರ ಅಲ್ಲಿಂದ ಸುಮಾರು 2,800 ಕಿಲೋಮೀಟರ್ ದೂರ. ಮುನ್ನೂರಕ್ಕೂ ಕಡಿಮೆ ಜನ ವಾಸಿಸುವ ಈ ದ್ವೀಪದ ಬಾಳು ಬಹುಮಟ್ಟಿಗೆ ಒಂದೇ ಪ್ರಾಣಿಯನ್ನು ಅವಲಂಬಿಸಿದೆ. ಅದು ಮುಳ್ಳು ಲಾಬ್‌ಸ್ಟರ್.

ಇದು ಸೀಗಡಿ, ಏಡಿಗಳ ಬಂಧು. ಇದರ ಗಟ್ಟಿಯಾದ ಕವಚದ ಮೇಲೆ ಮುಳ್ಳುಗಳುಂಟು. ಏಡಿಗಿರುವಂತಹ ದೊಡ್ಡ ಇಕ್ಕಳಗಾಲುಗಳು ಇದಕ್ಕಿಲ್ಲ. ಉದ್ದನೆಯ ದಪ್ಪ ಮೀಸೆಗಳಿವೆ. ಬಂಡೆಗಳ ಸಂದುಗಳೇ ಇದರ ಮನೆ.

ಹಿಂದೆ ದ್ವೀಪವಾಸಿಗಳು ಆಲೂಗೆಡ್ಡೆ ಬೆಳೆದು, ಮೀನು ಹಿಡಿದು, ಹಾದುಹೋಗುವ ಹಡಗುಗಳೊಡನೆ ವಸ್ತು ವಿನಿಮಯ ನಡೆಸಿ ಜೀವಿಸುತ್ತಿದ್ದರು. 1948ರಲ್ಲಿ ಪರಿಶೋಧನೆಗೆಂದು ಬಂದ ಹಡಗೊಂದು ಸುತ್ತಲಿನ ಕಡಲಿನಲ್ಲಿ ಲಾಬ್‌ಸ್ಟರ್ ಹೇರಳವಾಗಿರುವುದನ್ನು ಖಚಿತಪಡಿಸಿತು. ಮರುವರ್ಷವೇ ಅಲ್ಲಿ ಡಬ್ಬಿ ತುಂಬುವ ಕಾರ್ಖಾನೆ ಆರಂಭವಾಯಿತು. ಜನರಿಗೆ ಸಂಬಳದ ಕೆಲಸ ದೊರೆಯಿತು.

1961ರಲ್ಲಿ ಊರಿನ ಮಗ್ಗುಲಲ್ಲೇ ಜ್ವಾಲಾಮುಖಿ ಸಿಡಿಯಿತು. ಲಾವಾರಸವು ಕಾರ್ಖಾನೆಯನ್ನು ನುಂಗಿತು. ಜನರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. 1963ರಲ್ಲಿ ಬಹುಪಾಲು ಮಂದಿ ಮರಳಿದರು. ಹೊಸ ಕಾರ್ಖಾನೆ ಎದ್ದಿತು. ಅದೂ 2008ರಲ್ಲಿ ಬೆಂಕಿಗೆ ಆಹುತಿಯಾದಾಗ ಮತ್ತೊಂದನ್ನು ಕಟ್ಟಿದರು.

ಕಾರ್ಖಾನೆಯನ್ನು ಹೀಗೆ ಮತ್ತೆ ಕಟ್ಟಬಹುದು. ಲಾಬ್‌ಸ್ಟರ್ ಸಂತತಿಯನ್ನು ಕಟ್ಟಲಾದೀತೆ? ಇದರ ಉತ್ತರ ಆ ಪ್ರಾಣಿಯ ಜೀವನಕ್ರಮದಲ್ಲಿದೆ. ಹೆಣ್ಣು ತನ್ನ ಹೊಟ್ಟೆಯ ಅಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನು ಹೊತ್ತಿರುತ್ತದೆ. ಹೊರಬರುವ ಮರಿಗಳು ಎಲೆಯಂತೆ ತೆಳು, ಗಾಜಿನಂತೆ ಪಾರದರ್ಶಕ. ಅವು ತಿಂಗಳುಗಟ್ಟಲೆ ಸಾಗರದಲ್ಲಿ ತೇಲುತ್ತವೆ. ದಡದ ಬಂಡೆಗಳನ್ನು ಸೇರುವುವು ಕೆಲವೇ. ಅನಂತರ ಮತ್ತೆ ಮತ್ತೆ ಕವಚ ಕಳಚುತ್ತ, ನಿಧಾನವಾಗಿ, ವರ್ಷಗಟ್ಟಲೆ ಬೆಳೆಯಬೇಕು.

ಆದುದರಿಂದಲೇ ಹೊಸ ಮೀನುಗಾರಿಕೆಯ ಮೊದಲ ವರ್ಷಗಳ ಭಾರಿ ಹಿಡಿತ ನಮ್ಮನ್ನು ಮೋಸಗೊಳಿಸಬಲ್ಲುದು. ಅದು ಬಹುಕಾಲ ಕೂಡಿಬಂದ ಅಸಲು. ಅದನ್ನೇ ಪ್ರತಿವರ್ಷದ ಬಡ್ಡಿಯೆಂದು ಎಣಿಸಿದರೆ ಗಂಟೇ ಕರಗೀತು.

ಇದನ್ನರಿತು ಅಲ್ಲಿ ಪ್ರತಿಯೊಂದು ದ್ವೀಪಕ್ಕೂ ವಾರ್ಷಿಕ ಮಿತಿಯನ್ನು ಗೊತ್ತುಮಾಡಿದ್ದಾರೆ. ಚಿಕ್ಕವನ್ನೂ ಮೊಟ್ಟೆ ಹೊತ್ತ ಹೆಣ್ಣುಗಳನ್ನೂ ಮರಳಿ ಕಡಲಿಗೆ ಬಿಡಬೇಕು. 2011ರಲ್ಲಿ ಸರಕು ಹಡಗೊಂದು ನೆರೆಯ ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿದು ತೈಲ ಹರಡಿದಾಗ ಅಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು.

ಕಡಲು ಶಾಂತವಾಗಿರುವ ಮುಂಜಾನೆ ಊರಿನಲ್ಲಿ ತೂಗುಹಾಕಿದ ಹಳೆಯ ಅನಿಲದ ಸಿಲಿಂಡರನ್ನು ಬಡಿಯುತ್ತಾರೆ. ಸದ್ದು ಕೇಳಿದೊಡನೆ ದೋಣಿಗಳು ಹೊರಡುತ್ತವೆ. ಆ ಸದ್ದು ಮುಂದೆಯೂ ಕೇಳುತ್ತಿರಬೇಕಾದರೆ, ಇಂದು ಕಡಲಿಗೆ ಮರಳಿಬಿಟ್ಟ ಆ ತಾಯಿ ಲಾಬ್‌ಸ್ಟರುಗಳ ಮರಿಗಳು ದಡ ಸೇರಬೇಕು.