ಆರಿದ ದೀಪ

ಶಿವನಸಮುದ್ರದ ವಿದ್ಯುತ್ತು ಬೆಂಗಳೂರನ್ನು ಬೆಳಗಿದ್ದು 1905ರಲ್ಲಿ. ಅದರ ಸ್ವಭಾವ ನನಗೆ ತಿಳಿದದ್ದು ಮೊನ್ನೆ ಭಾನುವಾರ.

ಪಡಸಾಲೆಯ ದೀಪದ ಹೋಲ್ಡರು ಸುಟ್ಟು ಕಪ್ಪಾಗಿತ್ತು. ಇಷ್ಟರ ಕೆಲಸಕ್ಕೆ ಇನ್ನೊಬ್ಬರೇಕೆಂದು ನಾನೇ ಮರದ ಸ್ಟೂಲನ್ನೇರಿದೆ. ಗೋಡೆಯ ಸ್ವಿಚ್ಚು ಆರಿಸಿತ್ತು. ಬೆಳಕಿಲ್ಲದೆಡೆ ವಿದ್ಯುತ್ತೂ ಇಲ್ಲವೆಂಬುದು ನನ್ನ ತರ್ಕ. ಬಲ್ಬು ತೆಗೆದು ಹೋಲ್ಡರಿನ ಮುಚ್ಚಳ ಬಿಚ್ಚಿದೆ.

"ಯಾವುದಕ್ಕೂ ಟೆಸ್ಟರ್ ಇಟ್ಟು ನೋಡಿಬಿಡಿ" ಎಂದಳು ಮಡದಿ, ಕೆಳಗಿನಿಂದ.

ಅವಳ ಸಮಾಧಾನಕ್ಕೆಂದು ಇಟ್ಟೆ. ಟೆಸ್ಟರಿನ ಕಿರುದೀಪ ಕೆಂಪಗೆ ಕಣ್ತೆರೆಯಿತು! ನನ್ನ ಬೆರಳಿಗೂ ಆ ತಂತಿಗೂ ನಡುವೆ ಅಂಗುಲವಷ್ಟೇ ಅಂತರ.

ಮನೆಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಸ್ವಿಚ್ಚು ಕಡಿಯಬೇಕಾದುದು ಫೇಸ್ ತಂತಿಯನ್ನು. ಹಿಂದಾರೋ ಅದನ್ನು ನ್ಯೂಟ್ರಲ್ ತಂತಿಗೆ ಜೋಡಿಸಿದ್ದರು. ಹಾಗಾದಾಗಲೂ ದೀಪ ಆರುತ್ತದೆ. ಹೋಲ್ಡರಿನಲ್ಲಿ ಮಾತ್ರ ವಿದ್ಯುತ್ತು ಎಚ್ಚತ್ತೇ ಇರುತ್ತದೆ. ಸಮಾಸದಲ್ಲಿ ಲೋಪವಾದ ಪ್ರತ್ಯಯವೂ ಅರ್ಥ ನಡೆಸುತ್ತಿರುತ್ತದೆಂದು ವರ್ಷವರ್ಷವೂ ಪಾಠ ಹೇಳುವವನು ನಾನು!

ಇಳಿದು ಮೈನ್ ಸ್ವಿಚ್ಚನ್ನೇ ಆರಿಸಿ, ಯಾರೂ ಮುಟ್ಟದಂತೆ ಮಗನನ್ನು ಅಲ್ಲಿ ಕಾವಲಿಟ್ಟೆ. ಎರಡು ತಂತಿಗಳಿಗೂ ಮತ್ತೆ ಟೆಸ್ಟರ್ ಇಟ್ಟೆ, ಬೆಳಗಲಿಲ್ಲ. ಹೊಸ ಹೋಲ್ಡರಿಗೆ ತಂತಿಗಳನ್ನು ಬಿಗಿದು, ಬರಿಯ ತಾಮ್ರ ಹೊರಗೆ ಇಣುಕದಂತೆ ನೋಡಿ ಮುಚ್ಚಳ ತಿರುಗಿಸಿದೆ. ಸ್ವಿಚ್ಚಿನ ತಪ್ಪನ್ನು ತಿದ್ದಲು ಮಾತ್ರ ಮರುದಿನ ಲೈಸೆನ್ಸ್ ಇದ್ದ ಕೆಲಸಗಾರರನ್ನೇ ಕರೆಸಿದೆ. ಅದು ನನ್ನ ವಿದ್ಯೆಯಲ್ಲ.

ಸಂಜೆ ದೀಪ ಹತ್ತಿತು. ಮಡದಿ ಎಂದಿನಂತೆ ಕೈಮುಗಿದಳು. ಅಂದು ನಾನೂ ಮುಗಿದೆ.