ಹಗ್ಗ ಒಮ್ಮೆಗೇ ಬಿಟ್ಟರೆ

2015ರ ಮೇ ತಿಂಗಳಲ್ಲಿ ಅಮೆರಿಕದ ಟ್ರಾವಿಸ್ ರೀಡರ್ ಅವರ ಬೈಕಿಗೆ ವ್ಯಾನೊಂದು ಗುದ್ದಿತು. ಪಾದ ನಜ್ಜುಗುಜ್ಜಾಗಿ, ಅದನ್ನು ಉಳಿಸಿಕೊಳ್ಳಲು ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ ಬೇಕಾಯಿತು. ನೋವಿಗೆ ಆಕ್ಸಿಕೋಡೋನ್‌ನಂಥ ಓಪಿಯಾಯ್ಡ್ ಔಷಧಗಳನ್ನು ಕೊಟ್ಟರು. ಸುಮಾರು ಎರಡು ತಿಂಗಳಾದ ಮೇಲೆ ಮಾತ್ರೆ ಬಿಡುವ ಮಾತು ಬಂತು. ವೈದ್ಯರು ಹೇಳಿದ ಲೆಕ್ಕ ಸರಳವಾಗಿತ್ತು: ದಿನದ ಪ್ರಮಾಣವನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು ಬಿಡುತ್ತಾ ಬನ್ನಿ.

ಮೊದಲ ವಾರ ಫ್ಲೂ ಬಂದಂತಿತ್ತು. ಆಮೇಲೆ ನಿದ್ದೆ ಹೋಯಿತು, ಮೈ ಜುಮ್ಮೆನ್ನತೊಡಗಿತು, ಕಾರಣವಿಲ್ಲದೆ ಅಳು ಒತ್ತರಿಸಿ ಬಂತು, ಬದುಕೇ ಬೇಡವೆನ್ನುವಷ್ಟು ಮನಸ್ಸು ಕುಸಿಯಿತು. ಮಾತ್ರೆ ಕೊಟ್ಟವರಲ್ಲಿ ಬಿಡಿಸುವ ದಾರಿ ಗೊತ್ತಿದ್ದವರು ಸಿಗಲಿಲ್ಲ. ಆ ನರಕ 29 ದಿನ ನಡೆಯಿತು. ರೀಡರ್ ಸಾಮಾನ್ಯ ರೋಗಿಯಲ್ಲ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ನೀತಿಶಾಸ್ತ್ರದ ವಿದ್ವಾಂಸರು. ಅಂಥವರಿಗೇ ಹೀಗಾದರೆ, ಬೆನ್ನುನೋವಿಗೆಂದು ತಿಂಗಳುಗಟ್ಟಲೆ ಟ್ರಾಮಡಾಲ್ ನುಂಗಿ ಒಂದು ಬೆಳಿಗ್ಗೆ ‘ಇನ್ನು ಸಾಕು’ ಎಂದು ನಿಲ್ಲಿಸುವ ನಮ್ಮೂರಿನವರ ಪಾಡೇನು?

ಗಸಗಸೆ ಕಾಯಿಯ ಹಾಲಿನಿಂದ ಬರುವ ಮಾರ್ಫಿನ್, ಕೊಡೀನ್, ಪ್ರಯೋಗಾಲಯದಲ್ಲಿ ತಯಾರಾಗುವ ಟ್ರಾಮಡಾಲ್, ಟಪೆಂಟಡಾಲ್, ಫೆಂಟನಿಲ್ ಎಲ್ಲವೂ ಓಪಿಯಾಯ್ಡ್ ಎಂಬ ಒಂದೇ ಬಳಗ. ಇವು ಹೋಗಿ ಕೂರುವ ಗ್ರಾಹಕಗಳು ನಮ್ಮ ನರಗಳಲ್ಲೇ ಇವೆ ಎಂಬುದನ್ನು 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. ಗಸಗಸೆಗಾಗಿ ಮೆದುಳು ಬೀಗ ಇಟ್ಟುಕೊಂಡಿದ್ದೇಕೆ? ಉತ್ತರ 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನಿಂದ ಬಂತು. ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್‌ಲಿಟ್ಜ್ ಗಿನಿಯಿಲಿಯ ಕರುಳಿನ ತುಂಡನ್ನು ದ್ರವದಲ್ಲಿ ತೂಗುಬಿಟ್ಟು, ವಿದ್ಯುತ್ ತಾಗಿದಾಗ ಅದು ಮಿಡಿಯುವುದನ್ನು ಅಳೆಯುತ್ತಿದ್ದರು. ಮಾರ್ಫಿನ್ ಹಾಕಿದರೆ ಮಿಡಿತ ತಗ್ಗುತ್ತಿತ್ತು. ಹಂದಿಯ ಮೆದುಳಿನಿಂದ ತೆಗೆದ ಸಾರ ಹಾಕಿದಾಗಲೂ ತಗ್ಗಿತು. ಮೆದುಳು ತನ್ನದೇ ನೋವುಶಾಮಕವನ್ನು ತಯಾರಿಸುತ್ತಿತ್ತು. ಅದಕ್ಕೆ ಎನ್‌ಕೆಫಲಿನ್ ಎಂದು ಹೆಸರಿಟ್ಟರು.

ಈ ಮನೆಯ ವ್ಯವಸ್ಥೆಗೆ ಹೊರಗಿನ ಮಾತ್ರೆ ನೆರೆಯಂತೆ ನುಗ್ಗುತ್ತದೆ. ದೇಹ ಸುಮ್ಮನೆ ಕೂರುವುದಿಲ್ಲ. ಮೆದುಳುಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ನೀಲಿ ಚುಕ್ಕೆಯಿದೆ. ಎಚ್ಚರ, ಗಾಬರಿ, ಎದೆಬಡಿತಗಳಿಗೆ ಬೇಕಾದ ನಾರ್‌ಅಡ್ರಿನಲಿನ್ ಅನ್ನು ಮೆದುಳಿಗೆಲ್ಲ ಹಂಚುವುದು ಅದೇ. ಓಪಿಯಾಯ್ಡ್ ಅದನ್ನು ಅದುಮಿಡುತ್ತದೆ. ಅದುಮಿದಷ್ಟೂ ಆ ಜೀವಕೋಶಗಳು ಒಳಗಿನ ಯಂತ್ರಗಳನ್ನು ಹೆಚ್ಚಿಸಿಕೊಂಡು ಎದುರು ಎಳೆಯುತ್ತವೆ. ಜಾತ್ರೆಯ ಹಗ್ಗಜಗ್ಗಾಟ ನೋಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಎರಡೂ ಕಡೆಯವರು ಬಲವಾಗಿ ಎಳೆಯುವಾಗ ಹಗ್ಗ ನಿಂತಂತೆ ಕಾಣುತ್ತದೆ. ಒಂದು ಕಡೆಯವರು ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಅಪ್ಪಳಿಸುತ್ತಾರೆ.

ಹಾಗಾಗಿಯೇ ಮಾತ್ರೆ ಬಿಟ್ಟಾಗಿನ ಬಾಧೆಗಳೆಲ್ಲ ಮಾತ್ರೆಯ ಗುಣವನ್ನು ತಿರುವಿ ಹಾಕಿದಂತಿರುತ್ತವೆ. ಮಲಬದ್ಧತೆ ಇದ್ದಲ್ಲಿ ಭೇದಿ, ಮಂಪರು ಇದ್ದಲ್ಲಿ ನಿದ್ದೆಗೇಡು. ಸೂಜಿಮೊನೆಯಂತಿದ್ದ ಕಣ್ಣಪಾಪೆ ಅಗಲವಾಗುತ್ತದೆ. ಮೂಗು, ಕಣ್ಣು ಸೋರುತ್ತವೆ, ಆಕಳಿಕೆಯ ಮೇಲೆ ಆಕಳಿಕೆ ಬರುತ್ತದೆ, ಪುಕ್ಕ ಕಿತ್ತ ಕೋಳಿಯ ಚರ್ಮದಂತೆ ಮೈಯೆಲ್ಲ ಮುಳ್ಳೇಳುತ್ತದೆ. ಕಾಲು ಸುಮ್ಮನಿರಲೊಲ್ಲದೆ ಹಾಸಿಗೆಯನ್ನು ಒದೆಯುತ್ತದೆ. ಬೇಗ ಇಳಿದುಹೋಗುವ ಔಷಧವಾದರೆ ಕೊನೆಯ ಗುಳಿಗೆಯ 8ರಿಂದ 24 ಗಂಟೆಯೊಳಗೆ ಇದು ಶುರುವಾಗಿ, ಎರಡನೇ ಮೂರನೇ ದಿನ ತುದಿ ಮುಟ್ಟಿ, ವಾರದಿಂದ ಹತ್ತು ದಿನದಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆ ಮತ್ತು ಮನಸ್ಸು ಹದಕ್ಕೆ ಬರಲು ಇನ್ನೂ ಹೆಚ್ಚು ದಿನ ಬೇಕು.

ನೋವು ಕೂಡ ತಿರುಗಿ ಬರುತ್ತದೆ, ಮೊದಲಿಗಿಂತ ಹರಿತವಾಗಿ. ಬಹಳ ಜನ ಎಡವುವುದು ಇಲ್ಲಿಯೇ. ‘ಕಾಯಿಲೆ ವಾಸಿಯಾಗಿಲ್ಲ, ಮಾತ್ರೆ ಬೇಕೇ ಬೇಕು’ ಎಂದು ಮತ್ತೆ ಸ್ಟ್ರಿಪ್ ಹರಿಯುತ್ತಾರೆ. ಆ ನೋವಿನಲ್ಲಿ ಒಂದು ಪಾಲು ಹಳೆಯ ಗಾಯದ್ದಲ್ಲ, ಹಿಂದಕ್ಕೆ ಬಿದ್ದ ನರಮಂಡಲದ್ದು. ಅದು ಇಳಿಯುತ್ತದೆ.

ಇದನ್ನೆಲ್ಲ ಚಟ ಎಂದು ಕರೆಯುವುದು ನನ್ನ ಮಟ್ಟಿಗೆ ಕ್ರೌರ್ಯ. ಹಾನಿ ಕಣ್ಣಿಗೆ ಕಂಡರೂ ಮನಸ್ಸು ಮತ್ತೆ ಅತ್ತಲೇ ಹಾತೊರೆದು ಓಡುವುದು ಚಟ. ದೇಹದ ಅವಲಂಬನೆ ಬೇರೆ. ವಾರಗಟ್ಟಲೆ ಈ ಔಷಧ ತೆಗೆದುಕೊಂಡ ಯಾರಿಗೂ ಅದು ಬರಬಹುದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಪಡೆಯುವ ಅಜ್ಜಿಯೂ ಅವಲಂಬಿತಳೇ, ಆಕೆಗೆ ಚಟವಿಲ್ಲ. ಚಟದ ಹೆದರಿಕೆಯಿಂದ ಆಕೆಯ ಮಾರ್ಫಿನ್ ತಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದಾರಿ ಇರುವುದು ಹಗ್ಗವನ್ನು ಗೇಣುಗೇಣಾಗಿ ಸಡಿಲಿಸುವುದರಲ್ಲಿ. ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ 10ರಷ್ಟು, ಅಥವಾ ಅದಕ್ಕೂ ನಿಧಾನವಾಗಿ ಇಳಿಸುವುದು ಸಹನೀಯ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2022ರ ಮಾರ್ಗಸೂಚಿ. ಕೆಲವೇ ವಾರ, ತಿಂಗಳು ತೆಗೆದುಕೊಂಡವರು ಇನ್ನೂ ಬೇಗ ಇಳಿಸಬಹುದು. ಕೊನೆಯ ಮೆಟ್ಟಿಲುಗಳೇ ಕಡಿದು. ನಾಲ್ಕು ಮಾತ್ರೆಯಲ್ಲಿ ಒಂದನ್ನು ಬಿಟ್ಟರೆ ಕಾಲು ಭಾಗ ಹೋಯಿತು, ಉಳಿದ ಒಂದೇ ಒಂದನ್ನು ಬಿಟ್ಟರೆ ಇದ್ದದ್ದೆಲ್ಲ ಹೋಯಿತು. ನಡುವೆ ಒಂದೆರಡು ವಾರ ಅಲ್ಲೇ ನಿಂತು ಸುಧಾರಿಸಿಕೊಂಡರೆ ಸೋಲಲ್ಲ. ಒಮ್ಮೆಗೇ ನಿಲ್ಲಿಸಿದವರಲ್ಲಿ ತೀವ್ರ ಯಾತನೆ, ಆತ್ಮಹತ್ಯೆಗಳು ವರದಿಯಾದ್ದರಿಂದ 2019ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಗರ್ಭಿಣಿಯರಂತೂ ತಾವಾಗಿ ನಿಲ್ಲಿಸಲೇಬಾರದು.

ಔಷಧದ ಆಸರೆಯೂ ಉಂಟು. ರಕ್ತದೊತ್ತಡದ ಮಾತ್ರೆ ಕ್ಲೋನಿಡಿನ್ ಆ ನೀಲಿ ಚುಕ್ಕೆಯ ಅಬ್ಬರವನ್ನು ತಗ್ಗಿಸುತ್ತದೆಂದು 1978ರಲ್ಲೇ ತಿಳಿಯಿತು. ಆದರೆ ಬಿಪಿ ಇಳಿದು ತಲೆ ತಿರುಗಬಹುದಾದ್ದರಿಂದ ವೈದ್ಯರ ಕಣ್ಗಾವಲು ಬೇಕು. ಬುಪ್ರಿನಾರ್ಫಿನ್ ಅದೇ ಗ್ರಾಹಕಗಳ ಮೇಲೆ ಅರ್ಧಮರ್ಧ ಕೆಲಸ ಮಾಡಿ ಬೀಳುವುದನ್ನು ಮೆತ್ತಗಾಗಿಸುತ್ತದೆ. ಮನೆಯವರು ಮಾಡಬೇಕಾದದ್ದು ದೊಡ್ಡದೇನಲ್ಲ: ಭೇದಿಯಾದರೆ ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಸೆಳೆಯುವ ಕಾಲಿಗೆ ಬಿಸಿನೀರು, ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಎಚ್ಚರವಿರುವ ಒಬ್ಬರು.

ಟ್ರಾಮಡಾಲ್‌ಗೆ ಎರಡು ಮುಖ. ಅದು ಓಪಿಯಾಯ್ಡ್ ಕೂಡ ಹೌದು, ಖಿನ್ನತೆಯ ಕೆಲವು ಮಾತ್ರೆಗಳಂತೆ ಸಿರಟೋನಿನ್, ನಾರ್‌ಅಡ್ರಿನಲಿನ್ ಅನ್ನೂ ಹೆಚ್ಚಿಸುತ್ತದೆ. ಹಾಗಾಗಿ ದಿಢೀರನೆ ಬಿಟ್ಟ ಕೆಲವರಿಗೆ ತಡೆಯಲಾರದ ಭಯ, ಗೊಂದಲ, ಇಲ್ಲದ್ದು ಕಾಣಿಸುವುದು ಕೂಡ ಆಗುತ್ತದೆ. ಭಾರತದಲ್ಲಿ 2018ರ ಏಪ್ರಿಲ್‌ನಲ್ಲಿ ಇದನ್ನು ಮಾದಕ ದ್ರವ್ಯ ಕಾಯ್ದೆಯಡಿ ತಂದರು. ಅದರಿಂದ ಮಾತ್ರೆ ಸಿಗುವುದು ಬಿಗಿಯಾಯಿತು. ಅದಷ್ಟೇ ಸಾಲದು, ಬಿಡುವುದು ಹೇಗೆಂದು ಚೀಟಿ ಬರೆಯುವ ದಿನವೇ ಹೇಳಿಬಿಡುವ ವೈದ್ಯರು ನಮಗೆ ಬೇಕು. ಅವರು ಹೇಳದಿದ್ದರೆ ನಾವೇ ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಅವಲಂಬನೆಗೆ ಚಿಕಿತ್ಸೆ ಕೊಡುವ ವಿಭಾಗವಿದೆ. ಮನಸ್ಸು ಕುಸಿದ ಹೊತ್ತಿನಲ್ಲಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಿಟ್ಟಾದ ಮೇಲಿನ ವಾರಗಳಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಎದುರು ಎಳೆಯುತ್ತಿದ್ದ ನರಗಳು ಅಷ್ಟರಲ್ಲಿ ಕೈ ಸಡಿಲಿಸಿರುತ್ತವೆ. ಹಿಂದೆ ದಿನವೂ ಅರಗಿಸಿಕೊಂಡಿದ್ದ ಪ್ರಮಾಣವನ್ನೇ ಒಂದು ಕೆಟ್ಟ ರಾತ್ರಿ ಮತ್ತೆ ನುಂಗಿದರೆ ಉಸಿರೇ ನಿಲ್ಲಬಹುದು. ಬೀರುವಿನ ಡಬ್ಬದಲ್ಲಿ ಅರ್ಧ ಸ್ಟ್ರಿಪ್ ಉಳಿದಿದ್ದರೆ, ಇವತ್ತೇ ಅದನ್ನು ಮನೆಯಿಂದ ಆಚೆ ಹಾಕುವ ಏರ್ಪಾಡು ಮಾಡಿ.