ಟೋಪಿಯ ಉಪಯೋಗ ಯಾರ ತಲೆಗೆ? ಗೋವಾದ ಬಿಸಿಲು, ಮಳೆ, ಹೊರೆಗಳ ನಡುವೆ ತಲೆಯುಡುಗೆಯ ದಿನಬಳಕೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಎಲ್ಲರಿಗೂ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ವಿಷಯದ ಹೆಸರು ಕೇಳಿ ಕೆಲವರು ಮುಗುಳ್ನಕ್ಕಿದ್ದು ಪರದೆಯ ಮೇಲೆ ಕಾಣಿಸಿತು. ಟೋಪಿ ಅಂದ ಕೂಡಲೇ ನಮ್ಮ ಭಾಷೆಯಲ್ಲಿ ಮೊದಲು ನೆನಪಾಗೋದು "ಟೋಪಿ ಹಾಕುವುದು", ಅಂದರೆ ಮೋಸ. ಇವತ್ತು ನಾನು ಮಾತಾಡುವುದು ತಲೆಗೆ ಹಾಕುವ ಟೋಪಿಯ ಬಗ್ಗೆ. ನನ್ನ ಪ್ರಶ್ನೆ ಇಷ್ಟೇ: ಬಿಸಿಲಿಗೆ ಟೋಪಿ ಹಾಕಿಕೊಳ್ಳಿ ಅಂತ ನಾವು ಹೇಳುವಾಗ ಯಾರ ತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇವೆ?

1. ಕ್ಷೇತ್ರ ಗೋವಾ ಯಾಕೆ?

ಟೋಪಿಯನ್ನು ಮೋಜಿಗಾಗಿ ಕೊಳ್ಳುವವರೂ, ಬಿಸಿಲಲ್ಲಿ ದುಡಿಯುವುದರಿಂದ ಅದು ಬೇಕೇ ಬೇಕಾದವರೂ ಒಂದೇ ದಂಡೆಯಲ್ಲಿ ಸಿಗುವ ಜಾಗ ಗೋವಾ. ಕಲಂಗುಟ್, ಬಾಗಾದಲ್ಲಿ ಅಗಲ ಅಂಚಿನ ಹುಲ್ಲಿನ ಹ್ಯಾಟು ಪ್ರವಾಸದ ಸಮವಸ್ತ್ರ ಇದ್ದ ಹಾಗೆ. ಅದೇ ಮರಳಿನ ಮೇಲೆ ಸರ, ಬಟ್ಟೆ, ಟೋಪಿ ಮಾರುತ್ತಾ ನಡೆಯುವವರಲ್ಲಿ ಉತ್ತರ ಕರ್ನಾಟಕದ ಲಂಬಾಣಿ ಹೆಣ್ಣುಮಕ್ಕಳು ಬಹಳ. ಅಲ್ಲಿಂದ ಸ್ವಲ್ಪ ಒಳಗೆ ಬಂದರೆ ಕಟ್ಟಡದ ಕೆಲಸ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳು ಇಲ್ಲಿ ಕಲ್ಲು, ಜಲ್ಲಿ, ಸಿಮೆಂಟು ಹೊರುತ್ತವೆ. ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ಸುಮ್ಮನೆ ನಡೆದರೆ ಸಾಕು, ಕನ್ನಡ ಕಿವಿಗೆ ಬೀಳುತ್ತದೆ. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನರ ತಾಯ್ನುಡಿ ಕನ್ನಡ.

ಪದಗಳ ವಿಷಯಕ್ಕೂ ಈ ಕರಾವಳಿ ಸ್ವಾರಸ್ಯಕರ. ಕೊಂಕಣಿಯಲ್ಲಿ ಟೋಪಿಗೆ "ಚೆಪೆಂ" ಅನ್ನುತ್ತಾರೆ. ಅದು ಪೋರ್ಚುಗೀಸರ "ಶಪೇವು" ಪದದಿಂದ ಬಂದದ್ದು. ಹಳೆಯ ಮರಾಠಿ ದಾಖಲೆಗಳು ಯುರೋಪಿನವರನ್ನೇ "ಟೋಪಿಕರ" ಎಂದು ಕರೆದವು. ನಮ್ಮಲ್ಲಿ ಟೋಪಿ, ಹ್ಯಾಟುಗಳ ಜೊತೆಗೆ ಕುಲಾವಿ, ಕುಂಚಿಗೆ, ರುಮಾಲು, ಪಟಗ, ಮುಟ್ಟಾಳೆ, ಕೊಪ್ಪೆ, ಗೊರಬು ಎಲ್ಲವೂ ಇವೆ. ಇಷ್ಟು ಹೆಸರು ಯಾಕೆ ಅಂದರೆ, ಒಂದೊಂದೂ ಒಂದೊಂದು ಕೆಲಸಕ್ಕೆ ಹುಟ್ಟಿದ್ದು.

2. ನೆರಳಿನ ಲೆಕ್ಕ

ಮೊದಲು ಬಿಸಿಲು. ಇಲ್ಲಿ ಸ್ವಲ್ಪ ಶಾಲೆಯ ಗಣಿತ ಬೇಕಾಗುತ್ತದೆ, ಹೆದರಬೇಡಿ. ಟೋಪಿಯ ಅಂಚು ಎಷ್ಟು ಅಗಲ ಇದೆ, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಈ ಎರಡೇ ಸಂಗತಿಗಳು ನೆರಳು ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುತ್ತವೆ. ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ ದೊಡ್ಡವರಿಗೆ ಕನಿಷ್ಠ 7.5 ಸೆಂಟಿಮೀಟರ್ ಅಂಚಿನ ಟೋಪಿ ಬೇಕು ಎನ್ನುತ್ತದೆ. ಆ ಟೋಪಿಯನ್ನೇ ಗೋವಾಕ್ಕೆ ತರೋಣ.

ಪಣಜಿ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲು ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ನೆಟ್ಟಗೆ ನಿಂತವನ ಮುಖ, ಕಿವಿ, ಕುತ್ತಿಗೆ ಎಲ್ಲವೂ ಆ ಅಂಚಿನ ನೆರಳಿಗೆ ಬರುತ್ತವೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಸೂರ್ಯ ಸುಮಾರು 45 ಡಿಗ್ರಿಗೆ ಇಳಿಯುತ್ತಾನೆ. ಸೂರ್ಯನಿಗೆ ಮುಖ ಮಾಡಿ ನಿಂತರೆ ಅಂಚಿನಿಂದ 7.5 ಸೆಂಟಿಮೀಟರ್ ಕೆಳಗಿನವರೆಗೆ ಮಾತ್ರ ನೆರಳು, ಅಂದರೆ ಸರಿಸುಮಾರು ಮೂಗಿನ ತನಕ. ನಾಲ್ಕೂ ಮುಕ್ಕಾಲಿಗೆ ಸೂರ್ಯ 30 ಡಿಗ್ರಿಗೆ ಬಂದಾಗ ನೆರಳು ನಾಲ್ಕು ಸೆಂಟಿಮೀಟರ್ ಚಿಲ್ಲರೆ; ಕಣ್ಣು ತಪ್ಪಿಸಿಕೊಂಡರೆ ಹೆಚ್ಚು. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಕ್ಯಾಪು ಕಣ್ಣಿಗೆ ಒಳ್ಳೆಯದು, ಆದರೆ ಕಿವಿಗೂ ಕುತ್ತಿಗೆಗೂ ಅದರಿಂದ ಏನೂ ಸಿಗೋದಿಲ್ಲ.

ಇನ್ನೊಂದು ಮಾತು. ಬಿಸಿಲು ಮೇಲಿನಿಂದ ಮಾತ್ರ ಬರೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಒಣ ಮರಳು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡಾ 15ರಷ್ಟನ್ನೂ, ಸಮುದ್ರದ ನೊರೆ ಶೇಕಡಾ 25ರಷ್ಟನ್ನೂ ವಾಪಸ್ ಎಸೆಯುತ್ತವೆ. ಹುಲ್ಲು, ಮಣ್ಣಿನ ನೆಲದಲ್ಲಿ ಇದು ಶೇಕಡಾ 10ಕ್ಕಿಂತ ಕಡಿಮೆ. ದಂಡೆಯಲ್ಲಿ ಇಡೀ ದಿನ ಮರಳು ತುಳಿಯುವ ಹೆಣ್ಣುಮಗಳಿಗೆ ಟೋಪಿ ಅರ್ಧ ರಕ್ಷಣೆ ಮಾತ್ರ. ಲಂಬಾಣಿ ಮಹಿಳೆಯರು ತಲೆಯಿಂದ ಹೆಗಲಿಗೆ, ಬೇಕಾದಾಗ ಕೆನ್ನೆಗೂ ಎಳೆದುಕೊಳ್ಳುವ ಸೆರಗು ಈ ಕಾರಣಕ್ಕೆ ಅಂಚಿನ ಟೋಪಿಗಿಂತ ಹೆಚ್ಚು ಉಪಯುಕ್ತ. ಅದನ್ನು ಬರೀ "ಸಂಪ್ರದಾಯದ ಉಡುಪು" ಎಂದು ಬರೆದು ಮುಗಿಸಿದರೆ ಅದು ಮಾಡುವ ಕೆಲಸ ನಮಗೆ ಕಾಣೋದೇ ಇಲ್ಲ.

3. ಬಗ್ಗಿದ ಬೆನ್ನು, ಬಿಡುವಿಲ್ಲದ ಕೈ

ಮೇಲಿನ ಲೆಕ್ಕ ನೆಟ್ಟಗೆ ನಿಂತ ಮನುಷ್ಯನದ್ದು. ನಾಟಿ ಮಾಡುವವರು, ಕಬ್ಬಿಣ ಕಟ್ಟುವವರು, ಟೈಲ್ಸ್ ಹಾಕುವವರು ನೆಟ್ಟಗೆ ನಿಲ್ಲೋದಿಲ್ಲ. ಬಗ್ಗಿದ ಕೂಡಲೇ ಕತ್ತಿನ ಹಿಂಭಾಗ ಆಕಾಶಕ್ಕೆ ತೆರೆದುಕೊಳ್ಳುತ್ತದೆ. ಆಗ ಟೋಪಿಗಿಂತ ಅದರ ಹಿಂದೆ ಇಳಿಬಿದ್ದ ಬಟ್ಟೆ ಮುಖ್ಯ. ಉತ್ತರ ಕರ್ನಾಟಕದ ಕೆಲಸಗಾರರು ಟವೆಲನ್ನು ತಲೆಗೆ ಸುತ್ತಿ ಒಂದು ಚುಂಗನ್ನು ಕತ್ತಿನ ಮೇಲೆ ಬಿಡುವುದು ಇದಕ್ಕೇ. ನಮ್ಮ ಅಜ್ಜಿಯರು ಕೂಸಿಗೆ ಹೊಲಿಯುತ್ತಿದ್ದ ಕುಂಚಿಗೆ ನೆನಪಿಸಿಕೊಳ್ಳಿ: ತಲೆಗೆ ಕುಲಾವಿ, ಹಿಂದಕ್ಕೆ ಬೆನ್ನಿನವರೆಗೆ ಬಟ್ಟೆ. ಈಗ ಅಂಗಡಿಯಲ್ಲಿ ಸಿಗುವ, ಹಿಂದೆ ಬಟ್ಟೆ ಇಳಿಬಿಟ್ಟ ಬಿಸಿಲು ಟೋಪಿಯ ರಚನೆಯೂ ಅದೇ.

ಮಳೆಗೂ ಇದೇ ತರ್ಕ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೊಡೆ ಹಿಡಿದರೆ ಒಂದು ಕೈ ಹೋಯಿತು. ಗದ್ದೆಗೆ ಎರಡೂ ಕೈ ಬೇಕು. ಅದಕ್ಕೇ ಕೊಂಕಣದಲ್ಲಿ ಬಿದಿರು, ಎಲೆಗಳ "ಇರಲೆ", ಕುಂದಾಪುರದ ಕಡೆ "ಗೊರಬು", ಮಲೆನಾಡಿನಲ್ಲಿ "ಕಂಬಳಿ ಕೊಪ್ಪೆ". ಮೂರೂ ತಲೆಯಿಂದ ಶುರುವಾಗಿ ಬೆನ್ನನ್ನು ಮುಚ್ಚುತ್ತವೆ, ಕೈಗಳನ್ನು ಬಿಡುತ್ತವೆ. ಇವನ್ನು ತಲೆಗೆ ಏರಿಸಿದ ಕೊಡೆ ಅನ್ನಬಹುದು.

ಗೋವಾದಲ್ಲಿ ಜೂನ್ 24ರ ಸಾಂವ್ ಜಾಂವ್ ಹಬ್ಬಕ್ಕೆ ಹಸಿರು ಬಳ್ಳಿ, ಹೂವುಗಳ "ಕೊಪೆಲ್" ಎಂಬ ಕಿರೀಟ ತೊಟ್ಟು ಬಾವಿಗೆ ಹಾರುತ್ತಾರೆ. ಅದು ಸಂಭ್ರಮದ ತಲೆಯುಡುಗೆ, ಬೇರೆಯೇ ಪ್ರಬಂಧಕ್ಕೆ ವಸ್ತು. ಇಲ್ಲಿ ಮುಂದೆ ಹೋಗೋಣ.

4. ಹೊರೆ: ಎಲ್ಲರೂ ಮರೆಯುವ ಉಪಯೋಗ

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ನಾಡಿನಲ್ಲಿ ತಲೆ ಕೆಲಸದ ಸಾಧನವೂ ಹೌದು. ಅಗಲ ಅಂಚಿನ ಹುಲ್ಲಿನ ಹ್ಯಾಟಿನ ಮೇಲೆ ಜಲ್ಲಿ ತುಂಬಿದ ಬಾಂಡ್ಲಿ ಇಡಲು ಬರುತ್ತದೆಯೇ? ಬರೋದಿಲ್ಲ. ಅಲ್ಲಿ ಬೇಕಾದದ್ದು ಸಿಂಬಿ. ಹಳೆ ಸೀರೆಯ ತುಂಡನ್ನು ಹುರಿಮಾಡಿ ಬಳೆಯಂತೆ ಸುತ್ತಿದ ಈ ಸಿಂಬಿ ಭಾರವನ್ನು ಒಂದೇ ಬಿಂದುವಿಗೆ ಬಿಡದೆ ನೆತ್ತಿಯ ಸುತ್ತ ಹಂಚುತ್ತದೆ, ಬಾಂಡ್ಲಿಯ ತಳ ಉರುಳದಂತೆ ಕೂರಿಸುತ್ತದೆ. ಆದರೆ ಸಿಂಬಿಗೆ ಅಂಚಿಲ್ಲ, ನೆರಳಿಲ್ಲ. ಹೊರೆ ಹೊತ್ತ ಹೆಣ್ಣುಮಗಳಿಗೆ ನೆರಳು ಕೊಡುವುದು ಬಾಂಡ್ಲಿಯೇ, ಅದೂ ಹೊತ್ತಿರುವಷ್ಟು ಹೊತ್ತು. ಇಳಿಸಿ ವಾಪಸ್ ಬರುವಾಗ ಮತ್ತೆ ಸೆರಗೇ ಗತಿ.

ಹೊರೆ ಮತ್ತು ನೆರಳು ಎರಡನ್ನೂ ಒಂದಿಷ್ಟು ಹೊಂದಿಸಿದ ಟೋಪಿ ನಮ್ಮಲ್ಲೇ ಒಂದಿದೆ: ತುಳುನಾಡು, ಕಾಸರಗೋಡು ಕಡೆಯ ಮುಟ್ಟಾಳೆ. ಅಡಿಕೆ ಹಾಳೆಯನ್ನು ಹದವಾಗಿ ನೆನೆಸಿ, ಮಡಿಸಿ, ಹೊಲಿದು ಮಾಡಿದ್ದು. ಹಗುರ. ಬಿಸಿಲು ತಡೆಯುತ್ತದೆ, ಮರ ಹತ್ತುವವನ ಕೂದಲಿಗೆ ಕಸ ಬೀಳದಂತೆ ನೋಡಿಕೊಳ್ಳುತ್ತದೆ, ಸೊಪ್ಪು, ಗೊಬ್ಬರ ಹೊರುವಾಗ ತಲೆಗೂ ಬುಟ್ಟಿಗೂ ನಡುವೆ ಮೆತ್ತೆಯಾಗುತ್ತದೆ. ಹರಿದರೆ ತೋಟಕ್ಕೇ ಗೊಬ್ಬರ.

ರುಮಾಲಿನದು ಇನ್ನೊಂದು ಬಗೆಯ ಜಾಣತನ. ಹಲವು ಪದರಗಳ ಹತ್ತಿ ಬಟ್ಟೆ ಬಿಸಿಲನ್ನು ನೆತ್ತಿಗೆ ಮುಟ್ಟಿಸೋದಿಲ್ಲ, ಬೆವರು ಹೀರುತ್ತದೆ. ಬಿಚ್ಚಿದರೆ ಹೊದಿಕೆ, ಮಡಿಸಿದರೆ ತಲೆದಿಂಬು, ಗಂಟು ಕಟ್ಟಿದರೆ ಚೀಲ. ಆದರೆ ಒಂದು ಮಾತು ನೆನಪಿಡಬೇಕು: ಬಟ್ಟೆಯ ತಂಪು ಬರೋದು ತೇವ ಆರುವುದರಿಂದ. ವಿಜಯಪುರದ ಒಣ ಗಾಳಿಯಲ್ಲಿ ಒದ್ದೆ ಟವೆಲು ಬೇಗ ಆರಿ ತಲೆಯನ್ನು ತಂಪು ಮಾಡುತ್ತದೆ. ವಾಸ್ಕೋದ ತೇವದ ಗಾಳಿಯಲ್ಲಿ ಅದೇ ಟವೆಲು ನಿಧಾನ ಆರುತ್ತದೆ, ಬಿಗಿಯಾಗಿ ಸುತ್ತಿದರೆ ಸೆಕೆ ಕಟ್ಟುತ್ತದೆ. ಊರಿನ ಅನುಭವ ಕರಾವಳಿಗೆ ಹಾಗೇ ಒಗ್ಗೋದಿಲ್ಲ. ಕರಾವಳಿಯಲ್ಲಿ ಸಡಿಲವಾಗಿ ಸುತ್ತಬೇಕು, ಗಾಳಿಯಾಡಲು ಬಿಡಬೇಕು.

5. ಹೆಲ್ಮೆಟ್ಟು, ಸಲಹೆ, ಮತ್ತು ನಡುವಿನ ಕಂದರ

ಕಾನೂನು ಏನು ಹೇಳುತ್ತೆ ಅಂತ ನೋಡೋಣ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ ಮತ್ತು 1998ರ ಕೇಂದ್ರ ನಿಯಮಗಳು ಮೇಲಿನಿಂದ ವಸ್ತು ಬೀಳುವ ಅಪಾಯ ಇರುವ ಕಡೆ ಸುರಕ್ಷತಾ ಹೆಲ್ಮೆಟ್ಟು ಬೇಕು ಎಂದವು. ಹೆಲ್ಮೆಟ್ಟಿನ ಗುಣಮಟ್ಟಕ್ಕೆ ಐಎಸ್ 2925 ಎಂಬ ಭಾರತೀಯ ಮಾನಕ ಇದೆ. ಇಟ್ಟಿಗೆ ಬಿದ್ದರೆ ಪ್ರಾಣ ಉಳಿಸೋದು ಹೆಲ್ಮೆಟ್ಟೇ, ಟವೆಲಲ್ಲ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಹೆಲ್ಮೆಟ್ಟಿನ ತಲೆ ಗುಂಡಗೆ, ನುಣುಪಾಗಿದೆ. ಅದರ ಮೇಲೆ ಸಿಂಬಿ ಕೂರೋದಿಲ್ಲ. ಹಾಗಾಗಿ ಮೇಸ್ತ್ರಿ, ಇಂಜಿನಿಯರ್ ತಲೆಯಲ್ಲಿ ಹೆಲ್ಮೆಟ್ಟು ಇರುತ್ತದೆ. ಅವರ ಪಕ್ಕದಲ್ಲೇ ಬಾಂಡ್ಲಿ ಹೊರುವ ಹೆಂಗಸಿನ ತಲೆಯಲ್ಲಿ ಸಿಂಬಿ ಇರುತ್ತದೆ. ಇದನ್ನು ಅಶಿಸ್ತು ಅಂತ ಬರೆಯುವುದು ಸುಲಭ. ನಿಜವಾಗಿ ನೋಡಿದರೆ ಒಂದೇ ತಲೆಗೆ ಎರಡು ಕೆಲಸ ಕೊಟ್ಟು, ಒಂದೇ ಕೆಲಸಕ್ಕೆ ಆಗುವ ಟೋಪಿ ಕೊಟ್ಟಿದ್ದೇವೆ.

2023ರ ಮಾರ್ಚ್‌ನಲ್ಲಿ ಗೋವಾಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂತು. ಎರಡು ದಿನ ಶಾಲೆಗಳನ್ನು ಮಧ್ಯಾಹ್ನಕ್ಕೆ ಮೊದಲೇ ಬಿಟ್ಟರು. ಇಂಥ ಹೊತ್ತಿನಲ್ಲಿ ಬರುವ ಸರ್ಕಾರಿ ಸಲಹೆಗಳಲ್ಲಿ ಒಂದು ಸಾಲು ಯಾವಾಗಲೂ ಇರುತ್ತದೆ: ತಲೆಯನ್ನು ಬಟ್ಟೆ, ಟೋಪಿ ಅಥವಾ ಕೊಡೆಯಿಂದ ಮುಚ್ಚಿಕೊಳ್ಳಿ. ಸಲಹೆ ಸರಿಯಾದದ್ದೇ. ಆದರೆ ಅದು ಕೈ ಖಾಲಿ ಇರುವ, ತಲೆ ಖಾಲಿ ಇರುವ ಮನುಷ್ಯನಿಗೆ ಹೇಳಿದ್ದು. ತಲೆಯ ಮೇಲೆ ಹೊರೆ ಇರುವವರು ಏನು ಮಾಡಬೇಕು ಅನ್ನುವ ಪ್ರಶ್ನೆ ಆ ಸಾಲಿನಲ್ಲಿ ಇಲ್ಲ. ಶಾಲೆ ಬೇಗ ಬಿಟ್ಟ ದಿನ ಹೊರೆಯನ್ನೂ ಇಳಿಸಿದರಾ ಅನ್ನುವುದು ಕೇಳಬೇಕಾದ ಮಾತು.

6. ಹಾಗಾದರೆ ಏನು ಮಾಡಬಹುದು?

ನಾಲ್ಕು ಸಂಗತಿಗಳನ್ನು ಮುಂದಿಡುತ್ತೇನೆ. ಒಂದು, ಟೋಪಿ ಆರಿಸುವ ಮೊದಲು ಕೆಲಸ ನೋಡಬೇಕು: ನಿಂತು ಮಾಡುವುದಾ, ಬಗ್ಗಿ ಮಾಡುವುದಾ, ಹೊತ್ತು ಮಾಡುವುದಾ? ಎರಡು, ಹೊರೆಯನ್ನು ತಲೆಯಿಂದ ಇಳಿಸುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಕೈಗಾಡಿ, ರಾಟೆ, ಸಣ್ಣ ಲಿಫ್ಟು ಬಂದರೆ ತಲೆ ಹೆಲ್ಮೆಟ್ಟಿಗೆ ಬಿಡುವಾಗುತ್ತದೆ. ಮೂರು, ಹೆಲ್ಮೆಟ್ಟಿಗೇ ಸಿಕ್ಕಿಸುವ ಕತ್ತಿನ ಬಟ್ಟೆ ಮತ್ತು ಸುತ್ತಂಚು ಈಗಾಗಲೇ ಇವೆ. ಗುತ್ತಿಗೆದಾರರು ಹೆಲ್ಮೆಟ್ಟಿನ ಜೊತೆ ಅವನ್ನೂ ಕೊಡಬೇಕು. ನಾಲ್ಕು, ಹೊರುವ ಕೆಲಸವನ್ನು ಬೆಳಗಿನ ಹೊತ್ತಿಗೆ ಸರಿಸಬೇಕು. ನಡುಹಗಲಿನ ಮೂರು ಗಂಟೆ ತಪ್ಪಿಸುವುದರಿಂದ ಸಿಗುವ ನೆರಳನ್ನು ಯಾವ ಟೋಪಿಯೂ ಕೊಡಲಾರದು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಚಾಟ್‌ನಲ್ಲಿ ಎರಡು ಪ್ರಶ್ನೆಗಳು ಬಂದಿವೆ, ಓದಿ ಉತ್ತರಿಸುತ್ತೇನೆ.

ಪ್ರಶ್ನೆ: ಟೋಪಿಯ ಬಣ್ಣ ಮುಖ್ಯವೇ?

ಉತ್ತರ: ಹೌದು, ಆದರೆ ಎರಡು ಮುಖ ಬೇರೆ ಬೇರೆ. ಹೊರಗಡೆ ತಿಳಿ ಬಣ್ಣ ಇದ್ದರೆ ಬಿಸಿ ಕಡಿಮೆ ಹೀರುತ್ತದೆ. ಅಂಚಿನ ಒಳಮುಖ ಗಾಢ ಬಣ್ಣದ್ದಾಗಿದ್ದರೆ ಮರಳು, ನೀರಿನಿಂದ ಚಿಮ್ಮಿದ ಬೆಳಕು ಮತ್ತೆ ಮುಖಕ್ಕೆ ಹೊಡೆಯೋದು ತಗ್ಗುತ್ತದೆ. ನೇಯ್ಗೆ ಒತ್ತಾಗಿರಬೇಕು, ಬೆಳಕಿಗೆ ಹಿಡಿದು ನೋಡಿ, ತೂತುಗಳಿಂದ ಬಿಸಿಲು ಇಣುಕಿದರೆ ಆ ಹ್ಯಾಟು ಫೋಟೋಗೆ ಸಾಕು.

ಪ್ರಶ್ನೆ: ಮುಟ್ಟಾಳೆಯನ್ನು ಗೋವಾದ ಕಟ್ಟಡ ಕೆಲಸಕ್ಕೆ ತರಬಹುದಲ್ಲವೇ?

ಉತ್ತರ: ಮೇಲಿನಿಂದ ಏನೂ ಬೀಳದ ಕಡೆ, ಅಂದರೆ ತೋಟ, ಗದ್ದೆ, ರಸ್ತೆ ಬದಿಯ ಕೆಲಸಕ್ಕೆ ಖಂಡಿತ ತರಬಹುದು. ಕಟ್ಟಡದ ಕೆಳಗೆ ಬೇಡ, ಹೆಲ್ಮೆಟ್ಟಿನ ಕೆಲಸ ಅದು ಮಾಡೋದಿಲ್ಲ. ಮುಟ್ಟಾಳೆಯಿಂದ ನಾವು ಕಲಿಯಬೇಕಾದದ್ದು ಅದರ ವಿಧಾನವನ್ನು: ಅದನ್ನು ಹೊಲಿದವನಿಗೆ ತಲೆಯ ಮೇಲೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಹೆಲ್ಮೆಟ್ಟು ರೂಪಿಸುವವರು ಒಂದು ದಿನ ಬಾಂಡ್ಲಿ ಹೊರುವವರ ಜೊತೆ ಕೂತು ಮಾತಾಡಲಿ ಅನ್ನುವುದು ನನ್ನ ವಿನಂತಿ.